ನೋಟಿನ ಮೇಲಿನ ಸ್ಮಾರಕಗಳು ಮತ್ತು ತುಳುನಾಡಿನ ಬಸದಿಗಳು

ಬಂಟ್ವಾಳದ ಪೇಟೆಯಲ್ಲಿ, ಬೆಳ್ತಂಗಡಿಯ ಸಂತೆಯಲ್ಲಿ, ಮೂಡುಬಿದಿರೆಯ ಅಂಗಡಿ ಸಾಲುಗಳಲ್ಲಿ ದಿನವೂ ಕೈಯಿಂದ ಕೈಗೆ ಸಾಗುವ ನೋಟುಗಳ ಬೆನ್ನಿನಲ್ಲಿ ಭಾರತದ ಶಿಲ್ಪಕಲೆಯ ಒಂದು ಸಣ್ಣ ಚಿತ್ರಶಾಲೆಯೇ ಇದೆ. ಹತ್ತು ರೂಪಾಯಿಯಲ್ಲಿ ಕೊನಾರ್ಕದ ಸೂರ್ಯ ದೇವಾಲಯ, ಇಪ್ಪತ್ತರಲ್ಲಿ ಎಲ್ಲೋರದ ಗುಹೆಗಳು, ಐವತ್ತರಲ್ಲಿ ಹಂಪೆಯ ಕಲ್ಲಿನ ರಥ, ನೂರರಲ್ಲಿ ಗುಜರಾತಿನ ಪಾಟಣದ ರಾಣಿಯ ಬಾವಿ, ಇನ್ನೂರರಲ್ಲಿ ಸಾಂಚಿಯ ಸ್ತೂಪ, ಐನೂರರಲ್ಲಿ ದೆಹಲಿಯ ಕೆಂಪುಕೋಟೆ. ನೋಟನ್ನು ಎಣಿಸುವವರು ಬಹಳ. ಅದರ ಬೆನ್ನನ್ನು ನೋಡುವವರು ವಿರಳ. ಆದರೆ ಒಂದು ದೇಶವು ತನ್ನ ಹಣದ ಮೇಲೆ ಯಾವ ಕಟ್ಟಡವನ್ನು ಅಚ್ಚುಮಾಡುತ್ತದೆ ಎಂಬುದು ಆ ದೇಶವು ತನ್ನ ಗತಕಾಲವನ್ನು ಹೇಗೆ ಓದಿಕೊಂಡಿದೆ ಎಂಬುದರ ಒಂದು ದಾಖಲೆ. ಆ ದಾಖಲೆಯಲ್ಲಿ ಕರ್ನಾಟಕಕ್ಕೆ, ಅದರಲ್ಲಿಯೂ ತುಳುನಾಡಿಗೆ ಮತ್ತು ಇಲ್ಲಿಯ ಜೈನ ಪರಂಪರೆಗೆ ಯಾವ ಸ್ಥಾನವಿದೆ ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ.

ಕಟ್ಟಡವಿಲ್ಲದ ನಾಣ್ಯಗಳು

ಹಣದ ಮೇಲೆ ಕಟ್ಟಡದ ಚಿತ್ರವನ್ನು ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿಯಲ್ಲ. ಕರ್ನಾಟಕದ ರಾಜವಂಶಗಳು ಮಹೋನ್ನತವಾದ ಗುಡಿ ಬಸದಿಗಳನ್ನು ಕಟ್ಟಿಸಿದರೂ ತಮ್ಮ ನಾಣ್ಯಗಳ ಮೇಲೆ ಅವುಗಳನ್ನು ಮೂಡಿಸಲಿಲ್ಲ. ಅಲ್ಲಿ ಕಾಣುವುದು ವಂಶದ ಲಾಂಛನ, ಇಷ್ಟದೇವತೆಯ ರೂಪ ಅಥವಾ ಅರಸನ ಬಿರುದು. ತುಳುನಾಡನ್ನು ಶತಮಾನಗಳ ಕಾಲ ಆಳಿದ ಆಳುಪರು ತಮ್ಮ ಚಿನ್ನದ ನಾಣ್ಯಗಳ ಮೇಲೆ ಜೋಡಿ ಮೀನುಗಳನ್ನು ಮೂಡಿಸಿ, ಹಿಂಬದಿಯಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬಿರುದನ್ನು ಬರೆಯಿಸಿದರು. ಈ ನಾಡಿನ ಶಾಸನಗಳಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ನಾಣ್ಯವು ಊರಿನ ಹೆಸರಿನಿಂದಲೇ ಗುರುತಿಸಲ್ಪಡುತ್ತಿತ್ತು, ಊರಿನ ಕಟ್ಟಡದಿಂದಲ್ಲ.

ಹೊಯ್ಸಳ ವಿಷ್ಣುವರ್ಧನನ ನಾಣ್ಯಗಳು ಈ ದೃಷ್ಟಿಯಿಂದ ಇನ್ನೂ ಸ್ವಾರಸ್ಯಕರ. ಒಂದು ಬದಿಯಲ್ಲಿ ಸಿಂಹ; ಇನ್ನೊಂದು ಬದಿಯಲ್ಲಿ ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಕನ್ನಡ ಬರೆಹ. ಜಯಿಸಿದ ನಾಡಿನ ಹೆಸರೇ ಅಲ್ಲಿ ಅಲಂಕಾರ. ಅದೇ ಅರಸನ ಕಾಲದಲ್ಲಿ ಬೇಲೂರಿನ ದೇವಾಲಯವು ಎದ್ದಿತು. ಅವನ ರಾಣಿ, ಪರಮ ಜಿನಭಕ್ತೆಯಾದ ಶಾಂತಲೆಯು ಶ್ರವಣಬೆಳಗೊಳದಲ್ಲಿ ಬಸದಿಯನ್ನು ಕಟ್ಟಿಸಿದಳು. ಇವೆರಡರಲ್ಲಿ ಯಾವುದೂ ನಾಣ್ಯಕ್ಕೆ ಬರಲಿಲ್ಲ. ವಿಜಯನಗರದ ವರಾಹಗಳಲ್ಲಿ ಹನುಮಂತ, ಉಮಾಮಹೇಶ್ವರ, ಬಾಲಕೃಷ್ಣ, ಗಂಡಭೇರುಂಡ ಮುಂತಾದ ರೂಪಗಳಿವೆ. ಗಜಬೇಟೆಕಾರನೆಂದು ಖ್ಯಾತನಾದ ಇಮ್ಮಡಿ ದೇವರಾಯನ ನಾಣ್ಯಗಳಲ್ಲಿ ಆನೆಯಿದೆ. ಕೆಳದಿಯ ನಾಯಕರು ಇಕ್ಕೇರಿಯ ವರಾಹದ ಮೇಲೆ ಶಿವಪಾರ್ವತಿಯರನ್ನು ಇರಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರವನ್ನು ಮೂಡಿಸಿದ. ವ್ಯಾಪಾರಿಯು ನಂಬಿದ ರೂಪವನ್ನು ಬದಲಿಸುವುದು ಯಾವ ಆಳುವವನಿಗೂ ಸುಲಭವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯಗಳಲ್ಲಿಯೂ ಶಿವಪಾರ್ವತಿಯರು ಮರಳಿ ಕಾಣಿಸಿಕೊಂಡರು.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿ ಸರಕಾರದ ಆದೇಶದಂತೆ ಈ ಪ್ರದೇಶದಲ್ಲಿ ಸಂಚರಿಸಿ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳಗಳ ದಾರಿಯಲ್ಲಿ ಕಂಡುದನ್ನೆಲ್ಲ ಬರೆದಿಟ್ಟ. ಬೆಳೆ, ತೆರಿಗೆ, ಬಸದಿ, ಬಳಕೆಯಲ್ಲಿದ್ದ ನಾಣ್ಯಗಳು ಎಲ್ಲವೂ ಅವನ ಆಸಕ್ತಿಯ ವಿಷಯಗಳು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಕಥನವನ್ನು ಓದಿದರೆ ಈ ನಾಡಿನ ಗೊಮ್ಮಟನೂ ಈ ನಾಡಿನ ವರಾಹವೂ ಒಂದೇ ಗ್ರಂಥದಲ್ಲಿ ಸಿಗುತ್ತವೆ. ಆದರೆ ಒಂದರ ಮೇಲೊಂದು ಅಲ್ಲ.

ನೋಟಿಗೆ ಬಂದ ಗೋಪುರಗಳು

ಸ್ವತಂತ್ರ ಭಾರತದ ಮೊದಲ ನೋಟುಗಳಲ್ಲಿ ಬ್ರಿಟಿಷ್ ದೊರೆಯ ಮುಖದ ಸ್ಥಾನಕ್ಕೆ ಸಾರನಾಥದ ಸಿಂಹಸ್ತಂಭವು ಬಂದಿತು. ಪ್ರಸಿದ್ಧ ಕಟ್ಟಡಗಳು ನೋಟಿನ ಮೇಲೆ ಎದ್ದು ಕಂಡದ್ದು 1954ರಲ್ಲಿ. ಆ ವರ್ಷದ 1000 ರೂಪಾಯಿ ನೋಟಿನಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯ, 5000ದಲ್ಲಿ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ, 10,000ದಲ್ಲಿ ಅಶೋಕಸ್ತಂಭದ ಸಿಂಹಶೀರ್ಷ ಇದ್ದವು. ರಾಜರಾಜ ಚೋಳನು 1010ರಲ್ಲಿ ಪೂರ್ಣಗೊಳಿಸಿದ ಗೋಪುರವನ್ನು ಕೈಯಲ್ಲಿ ಹಿಡಿಯಬಲ್ಲವರು ಆ ಕಾಲದಲ್ಲಿ ಬಹಳ ಮಂದಿ ಇರಲಿಲ್ಲ. 1978ರ ಜನವರಿಯಲ್ಲಿ ಈ ಮೂರೂ ದೊಡ್ಡ ನೋಟುಗಳು ರದ್ದಾದವು.

ಆ ನಡುವಣ ದಶಕಗಳಲ್ಲಿ ಸಾಮಾನ್ಯರ ನೋಟಿನ ಮೇಲೆ ಹಳೆಯ ಗುಡಿಗಳಿಗಿಂತ ಹೊಸ ನಿರ್ಮಾಣಗಳದೇ ಮೇಲುಗೈ. ನೂರರಲ್ಲಿ ಹಿರಾಕುಡ್ ಅಣೆಕಟ್ಟು, ಐದರಲ್ಲಿ ಉಳುವ ಟ್ರ್ಯಾಕ್ಟರ್, ಒಂದರಲ್ಲಿ ಸಮುದ್ರದ ತೈಲಬಾವಿ, ಎರಡರಲ್ಲಿ ಆರ್ಯಭಟ ಉಪಗ್ರಹ. 1975ರ ಏಪ್ರಿಲ್‌ನಲ್ಲಿ ಆಕಾಶಕ್ಕೇರಿದ ಆರ್ಯಭಟವು ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧಗೊಂಡದ್ದು. ಕರ್ನಾಟಕದಲ್ಲಿ ಹುಟ್ಟಿದ ಒಂದು ವಸ್ತುವು ಹೀಗೆ ಎರಡು ರೂಪಾಯಿಯ ನೋಟಿನ ಮೂಲಕ ದೇಶದ ಮನೆಮನೆಗೆ ತಲಪಿತು. ಇಪ್ಪತ್ತರ ನೋಟಿನಲ್ಲಿ ಮೊದಲು ಸಂಸತ್ ಭವನವಿದ್ದು, ಬಳಿಕ ಕೊನಾರ್ಕದ ಚಕ್ರ ಬಂದಿತು. ಅಣೆಕಟ್ಟುಗಳನ್ನೇ ಹೊಸ ದೇವಾಲಯಗಳೆಂದು ಭಾವಿಸಿದ ಕಾಲವೊಂದು ಮೆಲ್ಲನೆ ಹಳೆಯ ದೇವಾಲಯಗಳ ಕಡೆಗೆ ತಿರುಗಿದ್ದನ್ನು ಈ ನೋಟುಗಳಲ್ಲಿಯೇ ಓದಬಹುದು.

1996ರಲ್ಲಿ ಮಹಾತ್ಮಾ ಗಾಂಧಿ ಸರಣಿಯು ಆರಂಭವಾಯಿತು. ಈಗ ಚಲಾವಣೆಯಲ್ಲಿರುವ ಹೊಸ ಸರಣಿಯು 2016ರ ನವೆಂಬರಿನಲ್ಲಿ 500 ಮತ್ತು 2000 ರೂಪಾಯಿಗಳ ನೋಟುಗಳೊಂದಿಗೆ ಬಂದಿತು. ಎರಡು ಸಾವಿರದ ನೋಟಿನಲ್ಲಿದ್ದುದು ಮಂಗಳಯಾನ, ಅದೂ ಬೆಂಗಳೂರಿನ ಕೂಸು. ಆ ನೋಟನ್ನು 2023ರ ಮೇ ತಿಂಗಳಲ್ಲಿ ಚಲಾವಣೆಯಿಂದ ಹಿಂದಕ್ಕೆ ಪಡೆಯಲಾಯಿತು. 2017ರ ಆಗಸ್ಟ್‌ನಲ್ಲಿ ಹಂಪೆಯ ಐವತ್ತು ಮತ್ತು ಸಾಂಚಿಯ ಇನ್ನೂರು, 2018ರಲ್ಲಿ ಕೊನಾರ್ಕದ ಹತ್ತು ಮತ್ತು ರಾಣಿಬಾವಿಯ ನೂರು, 2019ರಲ್ಲಿ ಎಲ್ಲೋರದ ಇಪ್ಪತ್ತು ಬಂದವು. ಮಂಗಳಯಾನವೊಂದನ್ನು ಬಿಟ್ಟರೆ ಉಳಿದ ಆರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ತಾಣಗಳು. ಎಲ್ಲೋರ 1983ರಲ್ಲಿ, ಕೊನಾರ್ಕ 1984ರಲ್ಲಿ, ಹಂಪೆ 1986ರಲ್ಲಿ, ಸಾಂಚಿ 1989ರಲ್ಲಿ, ಕೆಂಪುಕೋಟೆ 2007ರಲ್ಲಿ, ರಾಣಿಬಾವಿ 2014ರಲ್ಲಿ ಆ ಪಟ್ಟಿಗೆ ಸೇರಿದವು. ಅಂದರೆ ಜಗತ್ತು ಮೊದಲು ಒಪ್ಪಿದ ಕೃತಿಗಳೇ ಆಮೇಲೆ ನಮ್ಮ ಜೇಬಿಗೆ ಬಂದಿವೆ.

ಐವತ್ತರ ನೋಟು ಮತ್ತು ಮೂಡುಬಿದಿರೆ

ಐವತ್ತರ ನೋಟಿನ ಕಲ್ಲಿನ ರಥವು ಹಂಪೆಯ ವಿಟ್ಠಲ ದೇವಾಲಯದ ಅಂಗಳದಲ್ಲಿದೆ. ಅದು ನಿಜಕ್ಕೂ ರಥವಲ್ಲ. ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. 16ನೆಯ ಶತಮಾನದ ಈ ಕೃತಿಯ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಆ ಶಿಖರವನ್ನು ಕಾಣಬಹುದು, ಈಗ ಅದಿಲ್ಲ. ರಥವನ್ನು ಎಳೆಯುವಂತೆ ನಿಂತಿರುವ ಆನೆಗಳೂ ಅನಂತರ ಇರಿಸಿದವು. ಮೊದಲು ಅಲ್ಲಿ ಕುದುರೆಗಳಿದ್ದವು ಎಂಬುದಕ್ಕೆ ಅವುಗಳ ಕಾಲು ಬಾಲಗಳ ಗುರುತುಗಳು ಉಳಿದಿವೆ. ನೋಟಿನಲ್ಲಿ ಅಚ್ಚಾಗಿರುವುದು ಹೀಗೆ ಕಾಲವು ತಿದ್ದಿದ ರೂಪ.

ಇದೇ ಹಂಪೆಯಲ್ಲಿ ಈ ರಥಕ್ಕಿಂತ ಹಳೆಯದಾದ ಬಸದಿಗಳಿವೆ. ಇಮ್ಮಡಿ ಹರಿಹರನ ದಂಡನಾಯಕನಾದ ಇರುಗಪ್ಪನು 1385ರ ಸುಮಾರಿಗೆ ಕುಂಥುನಾಥ ತೀರ್ಥಂಕರನಿಗಾಗಿ ಕಟ್ಟಿಸಿದ ಚೈತ್ಯಾಲಯವು ಇಂದು ಗಾಣಗಿತ್ತಿ ಬಸದಿಯೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ಸೇನಾನಿಯು ‘ನಾನಾರ್ಥರತ್ನಮಾಲೆ’ ಎಂಬ ಸಂಸ್ಕೃತ ನಿಘಂಟಿನ ಕರ್ತೃವೂ ಹೌದು. 1426ರಲ್ಲಿ ಇಮ್ಮಡಿ ದೇವರಾಯನು ರಾಜಧಾನಿಯ ಪಾನ್‌ಸುಪಾರಿ ಬೀದಿಯಲ್ಲಿ ಪಾರ್ಶ್ವನಾಥನ ಚೈತ್ಯಾಲಯವನ್ನು ಕಟ್ಟಿಸಿದ.

ಇದಾದ ನಾಲ್ಕೇ ವರ್ಷಗಳೊಳಗೆ, ಅದೇ ಅರಸನ ಆಳ್ವಿಕೆಯಲ್ಲಿ, 1429-30ರಲ್ಲಿ ಮೂಡುಬಿದಿರೆಯಲ್ಲಿ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯವು, ಅಂದರೆ ಜನರು ಸಾವಿರ ಕಂಬದ ಬಸದಿಯೆಂದು ಕರೆಯುವ ಚಂದ್ರನಾಥ ಬಸದಿಯು ತಲೆಯೆತ್ತಿತು. ಆಗ ಮಂಗಳೂರು ರಾಜ್ಯವನ್ನು ನೋಡಿಕೊಳ್ಳುತ್ತಿದ್ದವನು ವಿಜಯನಗರದ ಅಧಿಕಾರಿಯಾದ ದೇವರಾಜ ಒಡೆಯ. ಆದರೆ ಬಸದಿಯ ಹಿಂದಿದ್ದ ಶಕ್ತಿ ಊರಿನ ಸೆಟ್ಟಿಗಳದು, ವರ್ತಕ ಸಮುದಾಯದ್ದು. ಕಲ್ಲಿನ ರಥವನ್ನು ರಾಜಧಾನಿಯ ವೈಭವವು ನಿಲ್ಲಿಸಿದರೆ, ಈ ಬಸದಿಯನ್ನು ವ್ಯಾಪಾರದ ದುಡಿಮೆಯು ನಿಲ್ಲಿಸಿತು. ಒಂದರಂತೆ ಇನ್ನೊಂದಿಲ್ಲವೆಂದು ಖ್ಯಾತವಾದ ಅದರ ಕಂಬಗಳು, ಮಳೆನಾಡಿಗೆ ಒಪ್ಪುವ ಇಳಿಜಾರು ಮಾಡುಗಳು, ಎದುರಿನ ಎತ್ತರದ ಮಾನಸ್ತಂಭ ಇವೆಲ್ಲ ನೋಡುಗರ ಗಮನವನ್ನು ಸೆಳೆಯುತ್ತವೆ. ಆ ಮಾಡುಗಳನ್ನು ಕಂಡ ಕಲಾಚರಿತ್ರಕಾರ ಜೇಮ್ಸ್ ಫರ್ಗುಸನ್‌ನಿಗೆ ನೇಪಾಳದ ಕಟ್ಟಡಗಳ ನೆನಪಾಯಿತು. ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಕೆತ್ತಲ್ಪಟ್ಟಿವೆ. ಕರಾವಳಿಯ ರೇವುಗಳಿಗೆ ಬರುತ್ತಿದ್ದ ಹಡಗುಗಳ ಸುದ್ದಿಯು ಶಿಲ್ಪಿಯ ಉಳಿಯವರೆಗೂ ತಲಪಿತ್ತೆಂಬುದಕ್ಕೆ ಈ ಕೆತ್ತನೆಗಳೇ ಸಾಕ್ಷಿ. ಹಂಪೆಯ ರಥಕ್ಕಿಂತ ಸುಮಾರು ನೂರು ವರ್ಷ ಹಿರಿದಾದ ಈ ಕಟ್ಟಡವು ನೋಟಿನ ಮೇಲಿಲ್ಲ. ಆದರೆ ಐವತ್ತರ ನೋಟನ್ನು ಹಿಡಿದ ಮೂಡುಬಿದಿರೆಯ ವರ್ತಕನ ಕೈಯಲ್ಲಿ ಅದೇ ಸಾಮ್ರಾಜ್ಯದ ಇನ್ನೊಂದು ತುದಿ ಇದೆ.

ಉಳಿದ ನೋಟುಗಳಲ್ಲಿ ಅಡಗಿರುವ ಕನ್ನಡ ಮತ್ತು ಜೈನ ಸೂತ್ರಗಳು

ಇಪ್ಪತ್ತರ ನೋಟಿನ ಎಲ್ಲೋರವು ಮಹಾರಾಷ್ಟ್ರದಲ್ಲಿದ್ದರೂ ಅದರ ಕಿರೀಟಪ್ರಾಯವಾದ ಕೈಲಾಸ ದೇವಾಲಯವು ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ನಿರ್ಮಾಣ. ಏಲಾಪುರದಲ್ಲಿ ಆ ಅರಸನು ಕಟ್ಟಿಸಿದ ಗುಡಿಯನ್ನು ಕಂಡು ದೇವತೆಗಳೂ ಬೆರಗಾದರೆಂಬ ಭಾವದ ವರ್ಣನೆಯು ಆ ವಂಶದ ಶಾಖೆಯೊಂದರ ಬರೋಡಾ ತಾಮ್ರಶಾಸನದಲ್ಲಿದೆ. ಎಲ್ಲೋರದ 34 ಗುಹೆಗಳಲ್ಲಿ ಮೊದಲ 12 ಬೌದ್ಧ, ಅನಂತರದ 17 ವೈದಿಕ, ಕೊನೆಯ 5 ಜೈನ. ಇಂದ್ರಸಭೆ, ಜಗನ್ನಾಥಸಭೆ, ಚೋಟಾ ಕೈಲಾಸ ಎಂದು ಕರೆಯಲ್ಪಡುವ ಈ ಜೈನ ಗುಹೆಗಳಲ್ಲಿ ಬಳ್ಳಿ ಹಬ್ಬಿದ ಬಾಹುಬಲಿಯ ಶಿಲ್ಪಗಳಿವೆ. ವೇಣೂರಿನ ಗೊಮ್ಮಟನಿಗಿಂತ ಅವು ಹಲವು ಶತಮಾನ ಹಿರಿಯವು. ಬೆಳ್ತಂಗಡಿಯ ಬಸ್ಸಿನಲ್ಲಿ ಇಪ್ಪತ್ತರ ನೋಟು ಕೊಟ್ಟು ವೇಣೂರಿಗೆ ಚೀಟಿ ಪಡೆಯುವ ಯಾತ್ರಿಕನು ಹೀಗೆ ಗೊಮ್ಮಟನ ಪೂರ್ವಜರ ನೆಲೆಯ ಚಿತ್ರವನ್ನು ಕೊಟ್ಟು ಗೊಮ್ಮಟನನ್ನು ಕಾಣಲು ಹೋಗುತ್ತಾನೆ.

ಹತ್ತರ ನೋಟಿನ ಕೊನಾರ್ಕವನ್ನು 13ನೆಯ ಶತಮಾನದಲ್ಲಿ ಕಟ್ಟಿಸಿದವನು ಪೂರ್ವ ಗಂಗರ ಒಂದನೆಯ ನರಸಿಂಹದೇವ. ಈ ವಂಶದವರು ತಮ್ಮ ತಾಮ್ರಶಾಸನಗಳಲ್ಲಿ ತಮ್ಮ ಮೂಲವನ್ನು ಗಂಗವಾಡಿಯ ಕೋಲಾಹಲಪುರಕ್ಕೆ, ಅಂದರೆ ಇಂದಿನ ಕೋಲಾರಕ್ಕೆ ಒಯ್ದಿದ್ದಾರೆ. ವಂಶಾವಳಿಯ ಇಂತಹ ಮಾತುಗಳನ್ನು ಅಕ್ಷರಶಃ ಒಪ್ಪಬೇಕಿಲ್ಲ. ಆದರೂ ಚಾವುಂಡರಾಯನ ಒಡೆಯರಾದ ತಲಕಾಡಿನ ಗಂಗರ ಹೆಸರು ಕಳಿಂಗದ ಅರಸರಿಗೂ ಗೌರವದ ಮಾತಾಗಿತ್ತು ಎಂಬುದು ಇದರಿಂದ ಸ್ಪಷ್ಟ.

ನೂರರ ನೋಟಿನ ರಾಣಿಬಾವಿಯ ಕಥೆಯಲ್ಲಿ ಜೈನ ಸಾಹಿತ್ಯದ ಪಾತ್ರವು ಇನ್ನೂ ನೇರವಾದುದು. 11ನೆಯ ಶತಮಾನದಲ್ಲಿ ಚಾಲುಕ್ಯ ಭೀಮದೇವನ ರಾಣಿ ಉದಯಮತಿಯು ಕಟ್ಟಿಸಿದ ಈ ಬಾವಿಯು ಸರಸ್ವತಿ ನದಿಯ ಪ್ರವಾಹದಲ್ಲಿ ಹೂಳು ತುಂಬಿ ಶತಮಾನಗಳ ಕಾಲ ಮಣ್ಣಿನಡಿಯಲ್ಲಿತ್ತು. ಅದನ್ನು ಕಟ್ಟಿಸಿದವಳು ಉದಯಮತಿ ಎಂಬುದನ್ನು ಉಳಿಸಿಕೊಟ್ಟದ್ದು ಜೈನಾಚಾರ್ಯ ಮೇರುತುಂಗನು 1304ರ ಸುಮಾರಿಗೆ ರಚಿಸಿದ ‘ಪ್ರಬಂಧಚಿಂತಾಮಣಿ’. ಬಾವಿಯನ್ನು ಮಣ್ಣು ಮುಚ್ಚಿತು. ಅದರ ಒಡತಿಯ ಹೆಸರನ್ನು ಗ್ರಂಥವು ಕಾಪಾಡಿತು. ನೂರರ ನೋಟಿನಲ್ಲಿ ಇಂದು ರಾಣಿಬಾವಿಯೆಂದು ಅಚ್ಚಾಗಲು ಒಬ್ಬ ಮುನಿಯ ಲೇಖನಿಯೂ ಕಾರಣ.

ಗಡಿಯಾಚೆಯ ನೋಟು, ಮೂಡುಬಿದಿರೆಯ ತಾಳೆಗರಿ

ಇದಕ್ಕಿಂತಲೂ ಅಚ್ಚರಿಯ ನಂಟು ನೆರೆಯ ಬಾಂಗ್ಲಾದೇಶದ ನೋಟಿನಲ್ಲಿದೆ. 2025ರಲ್ಲಿ ಆ ದೇಶವು ಹೊರತಂದ ಹೊಸ ಸರಣಿಯ 20 ಟಾಕಾ ನೋಟಿನ ಒಂದು ಬದಿಯಲ್ಲಿ ಕಾಂತಜಿಯ ದೇವಾಲಯ, ಇನ್ನೊಂದು ಬದಿಯಲ್ಲಿ ಪಹಾರ್‌ಪುರದ ಬೌದ್ಧ ವಿಹಾರ ಇವೆ. ಪಾಲ ಅರಸ ಧರ್ಮಪಾಲನ ಕಾಲದ ಈ ಸೋಮಪುರ ಮಹಾವಿಹಾರವನ್ನು ಉತ್ಖನನ ಮಾಡುವಾಗ ಒಂದು ತಾಮ್ರಶಾಸನವು ದೊರೆಯಿತು. ಗುಪ್ತ ಸಂವತ್ಸರ 159ರ, ಅಂದರೆ ಕ್ರಿ.ಶ. 479ರ ಆ ಶಾಸನವು ವಿಹಾರಕ್ಕಿಂತ ಮುನ್ನೂರು ವರ್ಷ ಹಳೆಯದು, ಮತ್ತು ಅದು ಬೌದ್ಧರದಲ್ಲ. ನಾಥಶರ್ಮನೆಂಬ ಬ್ರಾಹ್ಮಣನೂ ಅವನ ಪತ್ನಿ ರಾಮಿಯೂ ಸರಕಾರಕ್ಕೆ ಮೂರು ದೀನಾರಗಳನ್ನು ಸಲ್ಲಿಸಿ ಭೂಮಿಯನ್ನು ಕೊಂಡು, ವಟಗೋಹಾಲಿಯ ವಿಹಾರದಲ್ಲಿ ಅರ್ಹಂತರ ಪೂಜೆಗೆ ಬೇಕಾಗುವ ಗಂಧ, ಧೂಪ, ಹೂ, ದೀಪಗಳಿಗಾಗಿ ದಾನವಿತ್ತರು. ಆ ವಿಹಾರವನ್ನು ನಡೆಸುತ್ತಿದ್ದವರು ಕಾಶಿಯ ಪಂಚಸ್ತೂಪನಿಕಾಯಕ್ಕೆ ಸೇರಿದ ನಿರ್ಗ್ರಂಥ ಆಚಾರ್ಯ ಗುಹನಂದಿಯ ಶಿಷ್ಯ ಪರಂಪರೆಯವರು.

ಈ ಪಂಚಸ್ತೂಪ ಎಂಬ ಹೆಸರು ಮೂಡುಬಿದಿರೆಯನ್ನು ಬಲ್ಲವರಿಗೆ ಅಪರಿಚಿತವಲ್ಲ. ಷಟ್ಖಂಡಾಗಮಕ್ಕೆ ‘ಧವಲಾ’ ಟೀಕೆಯನ್ನು ಬರೆದ ಆಚಾರ್ಯ ವೀರಸೇನರು ಪಂಚಸ್ತೂಪಾನ್ವಯದವರು. ಅವರ ಶಿಷ್ಯ ಜಿನಸೇನರು ರಾಷ್ಟ್ರಕೂಟ ಅಮೋಘವರ್ಷನ ಗುರುಗಳು. ವೀರಸೇನರ ಆ ಮಹಾಟೀಕೆಯು ಬೇರೆಲ್ಲಿಯೂ ಉಳಿಯದೆ, ಮೂಡುಬಿದಿರೆಯ ಗುರು ಬಸದಿಯ ತಾಳೆಗರಿಗಳಲ್ಲಿ ಮಾತ್ರ ಉಳಿದು, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮುದ್ರಣಗೊಂಡು ಲೋಕಕ್ಕೆ ದೊರೆಯಿತು. ಬಂಗಾಳದ ನೋಟಿನಲ್ಲಿರುವ ನೆಲದಲ್ಲಿ ಒಂದು ಕಾಲಕ್ಕೆ ಅರ್ಹಂತರ ಪೂಜೆಯನ್ನು ನಡೆಸಿದ ಅದೇ ಹೆಸರಿನ ಮುನಿಪರಂಪರೆಯ ಜ್ಞಾನವು ತುಳುನಾಡಿನ ಒಂದು ಬಸದಿಯ ಪೆಟ್ಟಿಗೆಯಲ್ಲಿ ಉಸಿರು ಹಿಡಿದುಕೊಂಡಿತ್ತು. ಸ್ಮಾರಕಗಳ ಚಿತ್ರವು ಒಂದು ಮತದ, ಒಂದು ಕಾಲದ ಹೆಸರಿನಲ್ಲಿ ಅಚ್ಚಾಗುತ್ತದೆ. ನೆಲದ ನೆನಪು ಅದಕ್ಕಿಂತ ಆಳವಾಗಿರುತ್ತದೆ.

ನೋಟಿನ ಮೇಲೆ ಯಾರ ಸ್ಮಾರಕವಿರಬೇಕು ಎಂಬ ಪ್ರಶ್ನೆಯನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆಯಾಗಿ ಬಿಡಿಸಿವೆ. ಈಜಿಪ್ಟಿನ ನೋಟುಗಳಲ್ಲಿ ಅರಬಿ ಬರೆಹದ ಬದಿಗೆ ಮಸೀದಿಗಳು, ಇಂಗ್ಲಿಷ್ ಬರೆಹದ ಬದಿಗೆ ಫೇರೋಗಳ ಕಾಲದ ಶಿಲ್ಪಗಳು. ಯೂರೋ ನೋಟುಗಳ ವಿನ್ಯಾಸಕಾರ, ಆಸ್ಟ್ರಿಯಾದ ರಾಬರ್ಟ್ ಕಲೀನಾ, ಯಾವ ದೇಶಕ್ಕೂ ಸೇರದ ಕಾಲ್ಪನಿಕ ಸೇತುವೆಗಳನ್ನೂ ಬಾಗಿಲುಗಳನ್ನೂ ಬರೆದ. ಒಂದು ದೇಶದ ಸ್ಮಾರಕವನ್ನು ಆರಿಸಿದರೆ ಇನ್ನೊಂದು ದೇಶಕ್ಕೆ ಮುನಿಸು ಬಂದೀತೆಂಬ ಎಚ್ಚರ ಅದರ ಹಿಂದಿತ್ತು. ಸ್ವಾರಸ್ಯವೆಂದರೆ, ನೆದರ್ಲೆಂಡಿನ ಸ್ಪೈಕೆನಿಸ್ಸೆ ಎಂಬ ಊರು ಅನಂತರ ಆ ಏಳು ಕಾಲ್ಪನಿಕ ಸೇತುವೆಗಳನ್ನು ನಿಜವಾಗಿಯೇ ಕಟ್ಟಿ ನಿಲ್ಲಿಸಿತು.

ತುಳುನಾಡು ಎಲ್ಲಿದೆ

ಭಾರತದ ನೋಟಿನ ಬೆನ್ನಿನಲ್ಲಿ ಹದಿನೈದು ಭಾಷೆಗಳ ಒಂದು ಪಟ್ಟಿಯಿದೆ. ಇಂಗ್ಲಿಷ್ ಅಕ್ಷರಕ್ರಮದಂತೆ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ಬಳಿಕ ನಾಲ್ಕನೆಯ ಸಾಲು ಕನ್ನಡದ್ದು. ಕೊಂಕಣಿಗೂ ಅಲ್ಲಿ ಒಂದು ಸಾಲು ದೊರೆತಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪೇಟೆಯಲ್ಲಿ ಆ ನೋಟನ್ನು ಕೊಡುವಾಗ, ತೆಗೆದುಕೊಳ್ಳುವಾಗ ಆಡುವ ಭಾಷೆಯಾದ ತುಳುವಿಗೆ ಸಾಲಿಲ್ಲ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ತುಳುವಿಗೆ ಇನ್ನೂ ಸ್ಥಾನ ದೊರೆತಿಲ್ಲ. ವ್ಯಾಪಾರವನ್ನು ನಡೆಸುವ ಭಾಷೆಯು ಹಣದ ಮೇಲೆ ಇಲ್ಲದಿರುವುದು ಈ ನಾಡಿನ ಒಂದು ನಿತ್ಯದ ಅನುಭವ.

ಇನ್ನೊಂದು ವೈಪರೀತ್ಯವನ್ನೂ ಗಮನಿಸಬೇಕು. ಅವಿಭಜಿತ ದಕ್ಷಿಣ ಕನ್ನಡವು ಭಾರತದ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಇಲ್ಲಿಯೇ ಹುಟ್ಟಿದವು. ನೋಟು ಅಚ್ಚಾಗುವ ಮುದ್ರಣಾಲಯಗಳಲ್ಲಿ ಒಂದು ಕರ್ನಾಟಕದ ಮೈಸೂರಿನಲ್ಲಿದೆ. ದುಡ್ಡನ್ನು ಕೂಡಿಡಲು ದೇಶಕ್ಕೆ ಕಲಿಸಿದ ನಾಡಿನ ಒಂದು ಕಲ್ಲೂ ದುಡ್ಡಿನ ಮೇಲಿಲ್ಲ.

ಅಂಚೆಚೀಟಿಗಳು ಈ ವಿಷಯದಲ್ಲಿ ಹೆಚ್ಚು ಉದಾರ. 1949ರ ಆಗಸ್ಟ್ 15ರಂದು ಹೊರಬಂದ ಹದಿನಾರು ಚೀಟಿಗಳ ಪುರಾತತ್ತ್ವ ಸರಣಿಯಲ್ಲಿ ಆರು ಆಣೆಯದು ವಿಜಾಪುರದ ಗೋಳಗುಮ್ಮಟ. ಅತ್ಯಧಿಕ ಬೆಲೆಯ ಹದಿನೈದು ರೂಪಾಯಿಯದು ಶತ್ರುಂಜಯದ ಜೈನ ದೇವಾಲಯ. 1974ರಲ್ಲಿ ಮಹಾವೀರ ನಿರ್ವಾಣದ 2500ನೆಯ ವರ್ಷಕ್ಕೆ ಪಾವಾಪುರಿಯ ಜಲಮಂದಿರ, 1981ರಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳದ ಗೊಮ್ಮಟೇಶ್ವರ ಚೀಟಿಗೆ ಬಂದರು. 2003ರಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನ ಚೀಟಿ ಹೊರಬಂದಿತು. ಅಬ್ಬಕ್ಕನು ಮೂಡುಬಿದಿರೆ, ಪುತ್ತಿಗೆಗಳಲ್ಲಿ ಬೀಡು ಹೂಡಿದ್ದ ಜೈನ ಚೌಟ ಮನೆತನದವಳು. ನಂದಾವರದಲ್ಲಿ ನೆಲೆಯಿದ್ದ ಬಂಗರೊಡನೆ ಅವಳ ವೈವಾಹಿಕ ಸಂಬಂಧವಿತ್ತು. ಆ ನಂದಾವರವು ಇಂದಿನ ಬಂಟ್ವಾಳ ತಾಲೂಕಿನ ನೇತ್ರಾವತಿಯ ದಡದಲ್ಲಿದೆ. 2001ರಲ್ಲಿ ಮಹಾವೀರರ 2600ನೆಯ ಜನ್ಮಕಲ್ಯಾಣಕ್ಕೆ ಐದು ರೂಪಾಯಿಯ ನಾಣ್ಯ, 2024ರಲ್ಲಿ 2550ನೆಯ ನಿರ್ವಾಣೋತ್ಸವಕ್ಕೆ ನೂರು ರೂಪಾಯಿಯ ಸ್ಮರಣಾರ್ಥ ನಾಣ್ಯ ಬಂದಿವೆ. ನೋಟಿನಲ್ಲಿ ಮಾತ್ರ ಜೈನ ಸ್ಮಾರಕವೊಂದು ಇನ್ನೂ ತನ್ನ ಹೆಸರಿನಿಂದಲೇ ಕಾಣಿಸಿಕೊಂಡಿಲ್ಲ.

ಭಾರತೀಯ ರಿಸರ್ವ್ ಬ್ಯಾಂಕಿನ 1934ರ ಕಾಯಿದೆಯ 25ನೆಯ ಪ್ರಕರಣದ ಪ್ರಕಾರ, ಬ್ಯಾಂಕಿನ ಕೇಂದ್ರ ಮಂಡಳಿಯು ಶಿಫಾರಸು ಮಾಡಿ, ಕೇಂದ್ರ ಸರಕಾರವು ಒಪ್ಪಿದ ವಿನ್ಯಾಸವೇ ನೋಟಿನ ಮೇಲೆ ಬರುತ್ತದೆ. ಸಾವಿರ ಕಂಬದ ಬಸದಿಯಾಗಲಿ, ವೀರ ತಿಮ್ಮಣ್ಣ ಅಜಿಲನು 1604ರಲ್ಲಿ ಫಲ್ಗುಣಿಯ ದಡದಲ್ಲಿ ನಿಲ್ಲಿಸಿದ 35 ಅಡಿಯ ವೇಣೂರಿನ ಗೊಮ್ಮಟನಾಗಲಿ ಅದಕ್ಕೆ ಅರ್ಹವಲ್ಲ ಎನ್ನಲು ಕಲೆಯ ದೃಷ್ಟಿಯಿಂದ ಯಾವ ಕಾರಣವೂ ಇಲ್ಲ.

ಆದರೆ ಗೊಮ್ಮಟನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಕೊಟ್ಟು, ಉಟ್ಟ ಬಟ್ಟೆಯನ್ನೂ ತೊರೆದು ನಿಂತವನು ಬಾಹುಬಲಿ. ಅಪರಿಗ್ರಹದ ಆ ಮೂರ್ತಿಯನ್ನು ಪರಿಗ್ರಹದ ಪರಮ ಸಾಧನವಾದ ಹಣದ ಮೇಲೆ ಅಚ್ಚುಹಾಕುವುದು ಗೌರವವೇ ಎಂದು ಶ್ರಾವಕರೇ ಕೇಳಿಯಾರು. ಮಡಚಿ, ಎಂಜಲು ಹಚ್ಚಿ ಎಣಿಸಿ, ಲಂಚವಾಗಿಯೂ ಕೈಬದಲಾಗುವ ಕಾಗದದ ಮೇಲೆ ಜಿನಬಿಂಬವು ಸಲ್ಲದೆಂಬ ವಾದಕ್ಕೂ ತೂಕವಿದೆ. ಸರಳ ಜೀವನವನ್ನು ಬೋಧಿಸಿದ ಗಾಂಧೀಜಿಯ ಮುಖವು ಪ್ರತಿ ನೋಟಿನ ಮೇಲಿರುವಾಗ ಈ ವಾದವು ಹೊಸದೂ ಅಲ್ಲ. ಮೂರ್ತಿಗಿಂತ ಬಸದಿಯ ಕಟ್ಟಡವು, ಅದರ ಕಂಬಗಳ ಸಾಲು, ನೋಟಿಗೆ ಹೆಚ್ಚು ಒಗ್ಗುವ ವಸ್ತುವಾದೀತು.

ಹಣಕ್ಕೂ ಸ್ಮಾರಕಕ್ಕೂ ಇರುವ ಸಂಬಂಧವನ್ನು ಇನ್ನೊಂದು ಬದಿಯಿಂದ ನೋಡಲು 1368ರ ಶ್ರವಣಬೆಳಗೊಳದ ಶಾಸನವು ನೆರವಾಗುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯನು ಬಗೆಹರಿಸಿದಾಗ ಒಂದು ಏರ್ಪಾಡು ಆಯಿತು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣ ಎಂಬುದು ಆಗ ಒಂದು ಚಿಕ್ಕ ಚಿನ್ನದ ನಾಣ್ಯದ ಹೆಸರು. ಅದರ ಮೇಲೆ ಯಾವ ಬಸದಿಯ ಚಿತ್ರವೂ ಇರಲಿಲ್ಲ. ಜೈನರು ಕೊಟ್ಟ ಆ ಹಣವನ್ನು ವೈಷ್ಣವನೊಬ್ಬನು ಹೊಣೆಹೊತ್ತು ಜಿನಾಲಯಗಳ ರಕ್ಷಣೆಗೆ ವೆಚ್ಚಮಾಡಬೇಕಾಗಿತ್ತು.

ನೋಟಿನ ಮೇಲೆ ಸ್ಥಾನ ಪಡೆದ ಹಂಪೆಯ ರಥಕ್ಕೆ ಇಂದು ಪ್ರವಾಸಿಗರ ಕೈ ತಾಗದಂತೆ ತಡೆ ಕಟ್ಟಬೇಕಾಗಿದೆ. ತುಳುನಾಡಿನ ಹಳ್ಳಿಗಳಲ್ಲಿ, ಹಿಂದಿನ ಶ್ರಾವಕ ಮನೆಗಳು ಪಟ್ಟಣ ಸೇರಿದ ಕಡೆಗಳಲ್ಲಿ, ಸಣ್ಣ ಬಸದಿಗಳಿಗೆ ನಿತ್ಯದ ದೀಪಕ್ಕೂ ಮಾಡಿನ ದುರಸ್ತಿಗೂ ದಾನಿಗಳನ್ನು ಹುಡುಕಬೇಕಾಗಿದೆ. ಮೂಡುಬಿದಿರೆಯ ಬಸದಿಯು ಮುಂದೊಂದು ದಿನ ನೋಟಿಗೆ ಬಂದರೆ ಈ ನಾಡಿಗೆ ಸಂತೋಷವೇ. ಅದು ಬರುವವರೆಗೂ, ಬಂದ ಬಳಿಕವೂ, ಮಳೆಗಾಲಕ್ಕೆ ಮೊದಲು ಮಾಡಿನ ಕಲ್ಲುಹಲಗೆಗಳನ್ನು ಸರಿಪಡಿಸಲು ಮನೆಗೊಂದು ಹಣದ ಹಳೆಯ ಲೆಕ್ಕವೇ ಬೇಕಾಗುತ್ತದೆ.